ಎರಡು ತಲೆಯ ಮಾವು

ಮಾದಿಹಳ್ಳಿಯ ಚಲುವಮ್ಮನಿಗೆ ಎಳೆಗಿಡಗಳ ಮೇಲಿರುವಷ್ಟು ತಾಳ್ಮೆ ಮನುಷ್ಯರ ಮೇಲಿಲ್ಲ. ನರ್ಸರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕೈ ಅದು. ಬೇಲೂರಿನಿಂದ ಜಾವಗಲ್‌ವರೆಗೆ, ಬೇಡದ ಕೊಂಬೆ ಕತ್ತರಿಸಿ ಗಿಡ ಸವರುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಎಳೆಯದರಲ್ಲಿ ಸುಮ್ಮನಿದ್ದು, ಬಲಿತ ಮೇಲೆ ಮಚ್ಚು ಹಿಡಿದು ಬರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಅಂತ ಗಾದೆ ಹೇಳಕ್ಕೆ ಬತ್ತದೆ, ಕತ್ತರಿ ಹಿಡಿಯಕ್ಕೆ ಬರಲ್ವಾ?" ಎಂದು ತೋಟದ ಯಜಮಾನರನ್ನೇ ಗದರಿಸಿಬಿಡುತ್ತಾಳೆ.

ಅವಳದೊಂದು ಪದ್ಧತಿಯಿತ್ತು, ಅವಳ ಅವ್ವನಿಂದ ಬಂದದ್ದು. ಸವರುವ ಹಿಂದಿನ ದಿನವೇ ಹೋಗಿ, ಗಿಡದ ಬೊಡ್ಡೆಗೆ ಅಂಗೈ ಒತ್ತಿ, "ನಾಳೆ ಬತ್ತೀನಿ. ಇಲ್ಲಿ ಯಾರಾರ ಇದ್ರೆ ಜಾಗ ಬಿಡಿ" ಎಂದು ಹೇಳಿ ಬರಬೇಕು. ಹಕ್ಕಿಯೋ, ಇರುವೆಯೋ, ಕಣ್ಣಿಗೆ ಕಾಣದ ಇನ್ಯಾರೋ. ಬೇಲೂರಿನಲ್ಲಿ ಟೀಚರಾಗಿರುವ ಮಗಳು ಭಾಗ್ಯ, "ನಮ್ಮಮ್ಮ ಗಿಡಗಳಿಗೆ ನೋಟೀಸು ಕೊಡ್ತಾಳೆ" ಎಂದು ನಗುತ್ತಾಳೆ. ನಗಲಿ ಬಿಡಿ, ನಗುವವರ ಬಾಯಿ ಕಟ್ಟುವುದಕ್ಕಾಗುತ್ತದೆಯೇ!

ಹೋದ ವರ್ಷ ಆಷಾಢಕ್ಕೆ ಇನ್ನೂ ಹದಿನೈದು ದಿನವಿದೆ ಅನ್ನುವಾಗ ಹಳೇಬೀಡು ರಸ್ತೆಯ ತೆಂಗಿನ ತೋಟದ ಇಂದ್ರೇಶ್ ಫೋನ್ ಮಾಡಿದ. ಅವನಿಗೂ ಹೆಂಡತಿ ದ್ರಾಕ್ಷಾಯಣಿಗೂ ಇದ್ದ ಒಬ್ಬಳೇ ಮಗಳು ಸಿರಿ ಆರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಅವರ ಮನೆತನದ ರೂಢಿಯಂತೆ ಮಗುವನ್ನು ತೋಟದ ಮೂಲೆಯಲ್ಲೇ ಮಣ್ಣು ಮಾಡಿ, ತಲೆಯ ಕಡೆ ಒಂದು ಮಾವಿನ ಸಸಿ ನೆಟ್ಟಿದ್ದರು. ಅದಕ್ಕಾಗಲೇ ಐದು ವರ್ಷವಾಗಿತ್ತು.

"ಗಿಡ ಸೀಳ್ತಾ ಐತೆ ಚಲುವಮ್ಮ," ಎಂದ ಇಂದ್ರೇಶ್. "ದ್ರಾಕ್ಷಾಯಣಿ ಯಾರನ್ನೂ ಮುಟ್ಟಕ್ಕೆ ಬಿಡಲ್ಲ. ಅದೇನಾದ್ರೂ ಬಿದ್ರೆ ಅವಳೂ ಉಳಿಯಲ್ಲ. ನೀವೇ ಬಂದು ಒಂದು ಮಾತು ಹೇಳಿ."

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಚಲುವಮ್ಮ ಹೋದಳು. ತೋಟದ ತೆಂಗುಗಳ ಗರಿಗಳೆಲ್ಲ ಗಾಳಿಗೆ ಆಡುತ್ತಿದ್ದವು. ಆ ಮೂಲೆಯ ಮಾವಿನದು ಒಂದೆಲೆಯೂ ಅಲುಗುತ್ತಿರಲಿಲ್ಲ. ಎದೆಮಟ್ಟಕ್ಕೆ ಬಂದು ಅದು ಎರಡಾಗಿ ಕವಲೊಡೆದಿತ್ತು, ಎರಡೂ ಸಮಸಮ ದಪ್ಪ. ಎರಡಕ್ಕೂ ಇಸ್ಕೂಲು ಮಕ್ಕಳು ಜಡೆಗೆ ಕಟ್ಟುವ ಕೆಂಪು ಟೇಪನ್ನು ಹೂವಿನಂತೆ ಗಂಟು ಹಾಕಿದ್ದರು. ಚಲುವಮ್ಮ ಬಗ್ಗಿ ನೋಡಿದಳು. ಕವಲಿನ ಸಂದಿಯಲ್ಲಿ ತೊಗಟೆ ಒಳಕ್ಕೆ ಮಡಿಚಿಕೊಂಡು, ಬೆರಳು ತೂರುವಷ್ಟು ಬಿರುಕು. ಎರಡು ತಲೆಯ ಗಿಡ ನಿಲ್ಲುವುದಿಲ್ಲ. ಒಂದನ್ನು ತೆಗೆಯದಿದ್ದರೆ ಆಷಾಢದ ಗಾಳಿಗೆ ಬುಡದವರೆಗೂ ಹರಿಯುತ್ತದೆ.

ನೋಡುತ್ತ ನೋಡುತ್ತ ಕೈ ತಾನಾಗಿ ಬೊಡ್ಡೆಗೆ ಹೋಯಿತು. ಹಾಳು ನಾಲಿಗೆ, ಬುದ್ಧಿಗಿಂತ ಮುಂದೆ ಓಡಿತು. "ನಾಳೆ ಬತ್ತೀನಿ. ಇಲ್ಲಿ ಯಾರಾರ ಇದ್ರೆ ಜಾಗ ಬಿಡಿ."

"ಯಾರಿಗೆ ಹೇಳಿದ್ರಿ?"

ಹಿಂದೆ ದ್ರಾಕ್ಷಾಯಣಿ ನಿಂತಿದ್ದಳು, ಕಾಫಿ ಲೋಟ ಹಿಡಿದುಕೊಂಡು. ಬೈಯಲಿಲ್ಲ, ಅಳಲಿಲ್ಲ.

"ಅದು... ನಮ್ಮ ಕಸುಬಿನ ಮಾತು ಅಮ್ಮಣ್ಣಿ. ತಪ್ಪು ತಿಳೀಬೇಡಿ."

"ಜಾಗ ಬಿಡು ಅಂದ್ರಿ. ಎಲ್ಲಿಗೆ ಹೋಗ್ಬೇಕು ಅಂತ ಹೇಳಲೇ ಇಲ್ವಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಲುವಮ್ಮ ಕಾಫಿ ಕುಡಿಯದೆ ಊರಿಗೆ ಬಂದಳು. ಸತ್ತ ಮಗುವನ್ನು ಅದರ ತಾಯಿಯ ಎದುರಿಗೇ ಓಡಿಸಿ ಬಂದ ಹಾಗಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬೆಳಿಗ್ಗೆ ಕಾಲಿಗೆ ಬಿದ್ದು ಕ್ಷಮೆ ಕೇಳಿ ಬಂದರಾಯಿತು, ಕತ್ತರಿಸುವ ಮಾತೇ ಬೇಡ ಅಂದುಕೊಂಡಳು.

ಬೆಳಿಗ್ಗೆ ಹೋದರೆ ದ್ರಾಕ್ಷಾಯಣಿಯೇ ಗೇಟು ತೆಗೆದಳು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಪಸೆ. "ಸವರಿ ಚಲುವಮ್ಮ, ನಿಮಗೆ ಬೇಕಾದಂಗೆ ಸವರಿ," ಎಂದವಳೇ ಒಳಗೆ ಹೋದಳು.

ಗಿಡದ ಮೇಲೆ ಟೇಪುಗಳಿರಲಿಲ್ಲ. ಎಲೆಗಳು ಎಲ್ಲ ಗಿಡದ ಎಲೆಗಳಂತೆ ಗಾಳಿಗೆ ಅಲುಗುತ್ತಿದ್ದವು. ಚಲುವಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟಾದರೂ ಕೆಲಸ ಕೆಲಸವೇ. ಯಾವಾಗಲೂ ಚೀಲದಲ್ಲಿರುವ ಗರಗಸ ತೆಗೆದು, ಮೊದಲು ಒಂದು ಕವಲಿನ ಕೆಳಗಡೆ ಅರ್ಧದವರೆಗೆ ಕೊಯ್ದಳು, ತೊಗಟೆ ಸುಲಿಯದಿರಲೆಂದು. ಆಮೇಲೆ ಮೇಲಿನಿಂದ ಕೊಯ್ದು ಭಾರ ಇಳಿಸಿದಳು. ಕೊನೆಗೆ ಬುಡದ ಉಬ್ಬನ್ನು ಉಳಿಸಿ, ಮೋಟು ಬಿಡದೆ ತೆಗೆದಳು. ಸಂದಿಯೊಳಗೆಲ್ಲ ಕಪ್ಪಗೆ ಕೊಳೆತಿತ್ತು. ಇನ್ನೊಂದು ಗಾಳಿಗೆ ಉಳಿಯುತ್ತಿರಲಿಲ್ಲ. ಇನ್ನು ಈ ಗಿಡ ನೂರು ವರ್ಷ ಬಾಳುತ್ತದೆ.

ಇಂದ್ರೇಶ್ ಹತ್ತಿರ ಬಂದ. "ರಾತ್ರಿಯೆಲ್ಲ ಬಾಗಿಲು ತೆಗೆದಿಟ್ಟಿದ್ಲು. ಬೆಳಿಗ್ಗೆ ಎದ್ದು ಮೂರು ತಟ್ಟೆ ಹಾಕಿದ್ಲು. ಐದು ವರ್ಷದಲ್ಲಿ ಇವತ್ತೇ ಅವಳು ಹೊಟ್ಟೆ ತುಂಬ ಉಂಡಿದ್ದು. ಏನು ಮಾಡ್ಲಿ ಹೇಳಿ?"

ಮಾಡಿದವಳು ತಾನು. ಬಿಟ್ಟು ಹೋಗುವುದು ಹೇಗೆ? ಚಲುವಮ್ಮ ಕೈ ತೊಳೆದುಕೊಂಡು ಜಗಲಿಯ ಹತ್ತಿರ ಹೋದಳು. ದ್ರಾಕ್ಷಾಯಣಿ ನಡುಮನೆಯ ಬಾಗಿಲಿಗೆ ಬಂದಳು.

"ಕೆಲಸ ಮುಗೀತು ಅಮ್ಮಣ್ಣಿ. ಗಿಡ ಗಟ್ಟಿಯಾಯ್ತು. ಕಳಿಸಿದ ಬಾಯಲ್ಲೇ ಕರೀತೀನಿ. ಮಗು ತನ್ನ ಜಾಗಕ್ಕೆ ವಾಪಸ್ ಹೋಗ್ಲಿ."

"ಬೇಡ," ಎಂದಳು ದ್ರಾಕ್ಷಾಯಣಿ. "ಐದು ವರ್ಷ ಮಳೇಲಿ, ಬಿಸಿಲಲ್ಲಿ ನಿಲ್ಲಿಸಿದ್ದೆ. ಒಳಗೆ ಬಾ ಅಂತ ಕರೀಬೌದು ಅಂತ ನಂಗೆ ಹೊಳೀಲೇ ಇಲ್ಲ. ಎಂಥ ತಾಯಿ ನಾನು!"

ಚಲುವಮ್ಮನಿಗೆ ಕಣ್ಣು ತುಂಬಿ ಬಂತು. ಗಿಡದ ಮಾತಾಗಿದ್ದರೆ ಏನು ತೆಗೆಯಬೇಕು, ಏನು ಉಳಿಸಬೇಕು ಎಂದು ಅವಳಿಗೆ ಗೊತ್ತಿತ್ತು. "ಅಮ್ಮಣ್ಣಿ, ಮಗು ಸತ್ತು..." ಎಂದು ಗಟ್ಟಿಯಾಗಿ ಶುರುಮಾಡಿದಳು.

ದ್ರಾಕ್ಷಾಯಣಿ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ. ಈಗ ತಾನೇ ಮಲಗಿದಾಳೆ."

ಒಳಗೆ, ಕತ್ತಲ ಕೋಣೆಯಲ್ಲಿ, ಮಂಚ ಕಿರ್ರೆಂದಿತು. ಇಂದ್ರೇಶ್ ಅಂಗಳದಲ್ಲಿ ನಿಂತಿದ್ದ. ಮನೆಯಲ್ಲಿ ಮತ್ಯಾರೂ ಇರಲಿಲ್ಲ. ಚಲುವಮ್ಮ ಚಪ್ಪಲಿ ಕೈಗೆತ್ತಿಕೊಂಡು, ಸದ್ದಾಗದಂತೆ ಬರಿಗಾಲಲ್ಲಿ ಗೇಟಿನ ಕಡೆ ನಡೆದಳು.