ಬೇಸಿಗೆಯಲ್ಲಿ ಅಗ್ನಿಶಿಖೆಗೆ ನೀರು

ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಬೇವಿನ ನೆರಳು ಎಷ್ಟು ದಟ್ಟವೆಂದರೆ ತುಳಸಿಯೂ ಸೊರಗುತ್ತದೆ. ಅಲ್ಲಿ ಅಗ್ನಿಶಿಖೆ ಬಳ್ಳಿ ಬೆಳೆಸುತ್ತೇನೆಂದು ಅತ್ತೆ ಧಾರವಾಡದಿಂದ ಸೆರಗಿನಲ್ಲಿ ಗಡ್ಡೆ ಕಟ್ಟಿಕೊಂಡು ಬಂದಾಗ ನಾನು ನಕ್ಕಿದ್ದೆ. ಮೊಂಡು ಹೆಂಗಸು, ಬೆಳೆಸಿಯೇ ಬಿಟ್ಟರು. ಬಳ್ಳಿ ಎಲೆಯ ತುದಿಯನ್ನೇ ಬೆರಳಂತೆ ಸುತ್ತಿ ಬೇಲಿ ಹತ್ತಿತು. ಶ್ರಾವಣದಲ್ಲಿ ಆ ಕತ್ತಲ ಮೂಲೆಯ ತುಂಬ ಕೆಂಪು-ಹಳದಿ ಹೂ.

ಪಕ್ಕದ ಮನೆಯ ಮರಾಠಿ ಕಾಕು ಮೂಗಿನ ಮೇಲೆ ಬೆರಳಿಟ್ಟರು. ಈ ಬಳ್ಳಿ ಇದ್ದ ಮನೆಯಲ್ಲಿ ಜಗಳ ತಪ್ಪದು ಎಂದು ಅವರ ಮಂದಿಯ ನಂಬಿಕೆ. ಜಗಳಕ್ಕೆ ಬಳ್ಳಿ ಯಾಕೆ ಬೇಕು, ಅತ್ತೆ-ಸೊಸೆ ನಾವಿಬ್ಬರು ಸಾಲದೇ! ದೀಪಾವಳಿ ಕಳೆದರೆ ಬಳ್ಳಿ ಒಣಗಿ ಮಾಯ. ಗಡ್ಡೆ ಮಾತ್ರ ಮಳೆಗಾಲದವರೆಗೆ ಮಣ್ಣೊಳಗೆ ಮಲಗಿರುತ್ತಿತ್ತು. ಮೇ ತಿಂಗಳ ಉರಿಯಲ್ಲಿ ಕರುಳು ಚುರ್ರೆಂದು ನಾನು ಚೊಂಬು ಎತ್ತಿದರೆ ಸಾಕು, ಒಳಗಿಂದ ಅತ್ತೆಯ ಕೂಗು: "ಏ ಯವ್ವಾ, ಒಂದ್ ಹನಿ ಹಾಕಬ್ಯಾಡ! ಮಲಗಿದ್ದನ್ನ ಎಬ್ಬಿಸಿದ್ರ ಕೊಳೀತೈತಿ."

ಹೋದ ಚಳಿಗಾಲದಲ್ಲಿ ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಾಯಿಗೆ ನೀರು ಹಾಕಬಾರದೆಂದು ಡಾಕ್ಟರು ಹೇಳಿದ್ದರು. "ಒಂದ್ ಗುಟುಕು ಕೊಡೋ ಮಗನ" ಎಂದು ಅತ್ತೆ ಕೇಳುತ್ತಲೇ ಇದ್ದರು. ನನ್ನ ಗಂಡ ಒದ್ದೆ ಹತ್ತಿಯಿಂದ ಅವರ ತುಟಿ ಒರೆಸುತ್ತಲೇ ಇದ್ದರು. ಅತ್ತೆ ಹಾಗೇ ಹೋಗಿಬಿಟ್ಟರು.

ಬೇಸಿಗೆ ಬಂತು. ಒಂದು ಸಂಜೆ ನೋಡುತ್ತೇನೆ, ಇವರು ಗಡ್ಡೆ ಮಲಗಿದ್ದ ಬರಿ ಮಣ್ಣಿಗೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದಾರೆ. ಮರುದಿನವೂ ಅದೇ.

"ಗಡ್ಡಿ ಕೊಳೀತೈತ್ರೀ," ಎಂದೆ.

"ಅವ್ವ ನೀರು ಕೇಳಾಕತ್ತಾಳ. ನಿನಗ ಕೇಳಸೂದಿಲ್ಲೇನು?"

ಕೇಳಿಸುತ್ತಿತ್ತು. ಆದರೆ ನನಗೆ ಕೇಳಿಸುತ್ತಿದ್ದ ಮಾತೇ ಬೇರೆ: ಹಾಕಬ್ಯಾಡ, ಹಾಕಬ್ಯಾಡ. ಇವರು ಚೊಂಬು ಬಗ್ಗಿಸಿದೊಡನೆ ಅಡಿಗೆಮನೆಯ ಕಿಟಕಿಯಲ್ಲಿ, ನನ್ನ ಕಿವಿಗೆ ಹತ್ತಿದಂತೆ. ಮಗನಿಗೊಂದು, ಸೊಸೆಗೊಂದು ಹೇಳಿದರೆ ಯಾರ ಮಾತು ನಡೆಸಬೇಕು? ಬದುಕಿದ್ದಾಗಲೂ ಹೀಗೇ ಮಾಡುತ್ತಿದ್ದರು ಪುಣ್ಯಾತ್ಗಿತ್ತಿ. ಇವರೋ ಸರಿಯಾಗಿ ಉಣ್ಣುತ್ತಿರಲಿಲ್ಲ, ಮಲಗುತ್ತಿರಲಿಲ್ಲ. ನೀರು ಹೊಯ್ದು ಬಂದ ಮೇಲೆ ಮಾತ್ರ ಎರಡು ತುತ್ತು ಗಂಟಲಿಗಿಳಿಯುತ್ತಿತ್ತು. ನಾನು ತಡೆಯಲಿಲ್ಲ.

ಮಳೆಗೆ ಮುಂಚೆ ಇವರಿಲ್ಲದಾಗ ಮಣ್ಣು ಕೆದಕಿ ನೋಡಿದೆ. ಗಡ್ಡೆ ಅಂಬಲಿಯಾಗಿತ್ತು. ಮತ್ತೆ ಮುಚ್ಚಿದೆ.

ಮಳೆ ಹಿಡಿಯಿತು. ಬೇಲಿಯ ಕಳೆಯೆಲ್ಲ ಚಿಗುರಿತು, ಆ ಜಾಗ ಮಾತ್ರ ಬೋಳು. ಇವರು ದಿನಾ ಅಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಕೊನೆಗೊಂದು ದಿನ ಕೇಳಿದರು, "ಯಾಕ ಬರಲಿಲ್ಲ? ಅವ್ವಗ ನನ್ನ ಮ್ಯಾಲ ಇನ್ನೂ ಸಿಟ್ಟೈತೇನು?"

"ಸಿಟ್ಟಲ್ರೀ. ಅವರ ನೀರಡಿಕಿ ತೀರೇತಿ. ಇನ್ನ ಯಾಕ ಬರ್ತಾರ?"

ಸುಡುಗಾಡಿನಲ್ಲೂ ಅಳದವರು ಕೆಸರಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಅವರಿಗೆ ಆ ದನಿ ಕೇಳಿಸುತ್ತಿಲ್ಲವಂತೆ. ಹೊಟ್ಟೆ ತುಂಬ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ.

ಅತ್ತೆ ಮಾತ್ರ ಎಲ್ಲಿಗೂ ಹೋಗಿಲ್ಲ. ಸಂಜೆಯಾದರೆ ಕಿಟಕಿಗೆ ಬಂದು, ನನ್ನ ಬಳ್ಳಿ ಕೊಂದೆಯಲ್ಲೇ ಎಂದು ಬೈಯುತ್ತಾರೆ. ಕೈಕಾಲು ತಣ್ಣಗಾದರೂ ಒಲೆ ಮುಂದೆ ನಿಂತು ನಾನೂ ಜವಾಬು ಕೊಡುತ್ತೇನೆ: "ಬಳ್ಳಿ ಹೋದ್ರ ಹೋಗಲಿ, ನಿಮ್ಮ ಮಗ ಉಳದಾರಲ್ರೀ ಅತ್ತಿ."