ಟೋರ್ಸ್‌ಲಾಂಡದ ಕೆಂಪಿನ ಅಡ್ಡಿಕೆ

ಕೊರೊನಾ ಮುಗಿದ ಮರುವರ್ಷ. ಆಗ ನಾನು ಸ್ವೀಡನ್ನಿನ ಗೋಥೆನ್‌ಬರ್ಗಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ಇನ್ವೆಸ್ಟಿಗೇಟರ್. ಪರಿಹಾರ ಕೇಳಿ ಬಂದ ಅರ್ಜಿಗಳಲ್ಲಿ ಅನುಮಾನ ಹುಟ್ಟಿಸುವಂಥವು ನನ್ನ ಮೇಜಿಗೆ ಬರುತ್ತಿದ್ದವು. ಸುಳ್ಳು ಕೇಳಿಸಿಕೊಳ್ಳುವುದಕ್ಕೇ ಸಂಬಳ ಪಡೆಯುವವಳು ಸಿಟ್ಟು ಮಾಡಿಕೊಳ್ಳಬಾರದು. ಈ ಕೇಸಿನಲ್ಲಿ ಮಾಡಿಕೊಂಡೆ, ಇವತ್ತಿಗೂ ಇಳಿದಿಲ್ಲ.

ಅರ್ಜಿ ಊರಂಚಿನ ಟೋರ್ಸ್‌ಲಾಂಡದ ಸಂಧ್ಯಾಳದು. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಿಂದ ಬಂದು ಐಟಿ ಕೆಲಸದಲ್ಲಿದ್ದವರು. ಮದುವೆಯಲ್ಲಿ ಕೊರಳಿಗೆ ಹಾಕಿದ್ದ ಕೆಂಪಿನ ಅಡ್ಡಿಕೆ ಬೀರುವಿನಿಂದ ಕಳುವಾಗಿದೆ ಎಂದು ದೂರು. ಬೀಗ ಒಡೆದಿರಲಿಲ್ಲ. ಆದರೆ ಅವರು 'ಆಲ್‌ರಿಸ್ಕ್' ಎಂಬ ಹೆಚ್ಚುವರಿ ವಿಮೆ ಮಾಡಿಸಿದ್ದರು. ಮನೆ ಒಡೆಯದೆ ಒಡವೆ ಹೋದರೂ ಅದರಲ್ಲಿ ಪರಿಹಾರ ಸಿಗುತ್ತದೆ. ಪೊಲೀಸ್ ದೂರಿನ ಪ್ರತಿ ಇದ್ದರಾಯಿತು. ಆ ದೂರಿನಲ್ಲಿ ಸಂಧ್ಯಾ ಒಂದು ಹೆಸರನ್ನೂ ಬರೆಸಿದ್ದಳು.

ಶೈಲಜಾ ಧಾರವಾಡದ ಹುಡುಗಿ, ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಶನಿವಾರ ಸಂಧ್ಯಾಳ ಮಗುವನ್ನು ನೋಡಿಕೊಳ್ಳಲು ಹೋಗುತ್ತಿದ್ದಳು, ಬಾಯ್ತುಂಬ ಅಕ್ಕಾ ಅಕ್ಕಾ ಎನ್ನುತ್ತ. ನಾನು ಭೇಟಿಯಾಗುವ ಹೊತ್ತಿಗೆ ಲ್ಯಾಬಿಗೆ ಹೋಗುವುದನ್ನೇ ಬಿಟ್ಟಿದ್ದಳು. ಕನ್ನಡದವರ ವಾಟ್ಸಾಪ್ ಗುಂಪಿನಿಂದ ಅವಳನ್ನು ತೆಗೆದುಹಾಕಿದ್ದರು.

"ಕೇಸಾದ್ರ ನನ್ನ ಪಿಎಚ್‌ಡಿ ಮುಗೀತು ಮೇಡಂ. ತಗೊಂಡಿಲ್ಲ ಅಂತ ಹೆಂಗ ತೋರಿಸ್ಲಿ?"

ಸಂಧ್ಯಾಳ ಮನೆಗೆ ಮೊದಲ ಸಲ ಹೋದಾಗ ಕಾಫಿ, ಕೋಡುಬಳೆ ಬಂತು. ಪ್ರಶ್ನೆ ಶುರುವಾದೊಡನೆ ಮುಖ ಗಂಟಾಯಿತು. "ನಮ್ಮವ್ರೇ ಬಂದ್ರಲ್ಲ ಅಂತ ಖುಷಿಪಟ್ಟೆ. ನೀವ್ ನೋಡಿದ್ರೆ ನಮ್ಮನ್ನೇ ಕಳ್ಳರ ಥರ ಕೇಳ್ತಿದೀರ! ಆ ಹುಡುಗೀನ ಕೇಳಿ ಹೋಗಿ." ಎರಡನೇ ಸಲ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಮೂರನೇ ಸಲ ಬಾಗಿಲು ತೆರೆಯಲಿಲ್ಲ, ನನ್ನ ಮೇಲೆ ಬಾಸ್‌ಗೆ ಮೇಲ್ ಹಾಕಿದಳು. ಸಾಕ್ಷಿ ಇಲ್ಲದಿದ್ದರೆ ಸೋಮವಾರ ಹಣ ಕೊಟ್ಟು ಫೈಲ್ ಮುಚ್ಚು ಎಂದರು ಬಾಸ್. ನಾವು ಹಣ ಕೊಟ್ಟರೆ ಕಳ್ಳತನ ಆದದ್ದು ನಿಜವೆಂದು ಒಪ್ಪಿದ ಹಾಗೆ. ಆ ಹುಡುಗಿಯ ಹಣೆಗೆ ಕಳ್ಳಿ ಎಂಬ ಪಟ್ಟ ಅಂಟಿಯೇ ಬಿಡುತ್ತಿತ್ತು.

ನಡುವೆ ಇದ್ದದ್ದು ವರಮಹಾಲಕ್ಷ್ಮಿಯ ಶುಕ್ರವಾರ. ಹಬ್ಬದ ಸಂಜೆ ಬಾಗಿಲಿಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವ ಧೈರ್ಯ ನಮ್ಮವರಲ್ಲಿ ಎಷ್ಟು ಜನಕ್ಕಿದೆ? ದಿನ ನೋಡಿಕೊಂಡೇ ಹೊರಟೆ. ಒಡವೆಯ ಗುರುತಿಗೆಂದು ಅವರು ಕೊಟ್ಟಿದ್ದ ಮದುವೆ ಆಲ್ಬಂ ಹಿಂತಿರುಗಿಸುವ ನೆಪ. ಒಳಗೆ ಕೂತು ಇನ್ನೊಂದು ಸಲ ಪ್ರಶ್ನೆ ಕೇಳಬೇಕು, ನನ್ನ ಲೆಕ್ಕ ಅಷ್ಟೇ ಇತ್ತು.

ಬಾಗಿಲು ತೆರೆದವರು ವಯಸ್ಸಾದ ಹೆಂಗಸು. ಹಬ್ಬಕ್ಕೆಂದು ಮೈಸೂರಿನಿಂದ ಬಂದಿದ್ದ ಸಂಧ್ಯಾಳ ಅತ್ತೆ. ಸೊಸೆ ಆಫೀಸಿನಿಂದ ಬರುವಷ್ಟರಲ್ಲಿ ಎಲ್ಲ ಸಿದ್ಧವಿರಲಿ ಎಂದು ಕಳಶ ಪ್ರತಿಷ್ಠಾಪನೆ ಮುಗಿಸಿದ್ದರು. "ಬಾಮ್ಮ, ಕುಂಕುಮ ತಗೊಂಡು ಹೋಗು." ಕುಂಕುಮಕ್ಕೆ ಬಗ್ಗಿದವಳು ತಲೆಯೆತ್ತಿದರೆ, ದೇವಿಯ ಕೊರಳಲ್ಲಿ ಅಡ್ಡಿಕೆ! ಎಡಗಡೆ ಒಂದು ಕೆಂಪು ಕಲ್ಲು ಬಿದ್ದುಹೋಗಿತ್ತು, ಆಲ್ಬಂನ ಫೋಟೊದಲ್ಲಿದ್ದ ಹಾಗೆಯೇ.

"ಕಳಶಕ್ಕೆ ಅಕ್ಕಿ ತೆಗೀತಿದ್ದೆ, ಡಬ್ಬದಲ್ಲಿ ಸಿಕ್ತು," ಎಂದರು ಅಜ್ಜಿ. "ನಮ್ ಸಂಧ್ಯಾ ಜಾಣೆ ಕಣಮ್ಮ, ಕಳ್ಳರ ಕೈಗೆ ಸಿಗಬಾರ್ದು ಅಂತ ಅಲ್ಲಿಟ್ಟಿದಾಳೆ."

ಅಯ್ಯೋ ದೇವರೇ! ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರನ್ನು ಕೇಳಿಯೇ ದೇವಿಯ ಫೋಟೊ ತೆಗೆದುಕೊಂಡೆ. ಅಷ್ಟರಲ್ಲಿ ಮಗುವನ್ನು ದಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಕರೆದುಕೊಂಡು ಸಂಧ್ಯಾ ಬಂದಳು.

"ಅಪಾಯಿಂಟ್‌ಮೆಂಟ್ ಇಲ್ದೆ ಹೇಗ್ರೀ ಒಳಗ್ ಬಂದ್ರಿ?"

"ಅರಿಶಿನ ಕುಂಕುಮಕ್ಕೂ ಅಪಾಯಿಂಟ್‌ಮೆಂಟ್ ಬೇಕಾ?"

ಆಗ ಅವಳು ದೇವಿಯ ಕಡೆ ನೋಡಿದಳು. ಶೂ ಬಿಚ್ಚದೆ ನುಗ್ಗಿ ಅಡ್ಡಿಕೆಗೆ ಕೈ ಹಾಕಿದಳು. ಶೈಲಜಾ ಕದ್ದಳೆಂದು ದೂರು ಕೊಟ್ಟಿರುವ ಒಡವೆ ಇದೇ ಎಂದು ನಾನು ಅಜ್ಜಿಗೆ ಹೇಳಿಬಿಟ್ಟೆ. ಅಜ್ಜಿ ಸೊಸೆಯ ಕೈ ಹಿಡಿದರು.

"ಮುಟ್ಟಬೇಡ. ನಾಳೆ ವಿಸರ್ಜನೆ ಆಗೋವರ್ಗೂ ಅದು ದೇವಿ ಒಡವೆ."

ರಾತ್ರಿಯಿಡೀ ಅವರು ಕಳಶದ ಮುಂದಿನಿಂದ ಏಳಲಿಲ್ಲವಂತೆ. ನಾನು ಕಳಿಸಿದ ಫೋಟೊ ನೋಡಿ ಮರುದಿನ ಪೊಲೀಸರು ಬಂದಾಗಲೂ ಅಡ್ಡಿಕೆ ದೇವಿಯ ಕೊರಳಲ್ಲೇ ಇತ್ತು. ಕ್ಲೇಮ್ ಬಿದ್ದುಹೋಯಿತು, ಸುಳ್ಳು ದೂರಿನ ಕೇಸು ಸಂಧ್ಯಾಳ ಮೇಲೇ ಆಯಿತು. ಶೈಲಜಾಳನ್ನು ಒಂದು ಕ್ಷಮೆಯೂ ಕೇಳದೆ ಗುಂಪಿಗೆ ಮತ್ತೆ ಸೇರಿಸಿದರು. ಅವಳು ಆ ಕ್ಷಣವೇ ಹೊರಬಂದು ಲ್ಯಾಬಿಗೆ ಹೋದಳು. ಸರಿಯಾಗಿ ಮಾಡಿದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಸುಳ್ಳು ಕಟ್ಟಿದ ಮನೆಯಲ್ಲೂ ಅದರ ಗಾಳಿ ಸೋಕದವರು ಒಬ್ಬರಿರುತ್ತಾರೆ. ಅವರು ಬಾಗಿಲು ತೆರೆಯುವವರೆಗೆ ಫೈಲ್ ಮುಚ್ಚಬಾರದು.