ಅಟ್ಟದ ಮೇಲಿನ ಕಾಯಿ

...ಇಲ್ಲ, ಏಣಿ ಅಡುಗೆಮನೆಯಲ್ಲಿರಲಿಲ್ಲ. ನಡುಮನೆಯಲ್ಲಿತ್ತು. ಅಡುಗೆಮನೆಯ ಬಾಗಿಲಿಗೆ ತಾಗಿದಂತೆ ನಿಂತಿದ್ದರಿಂದ ನನ್ನ ನೆನಪು ಅದನ್ನು ಒಳಕ್ಕೆ ಎಳೆದುಕೊಂಡಿರಬೇಕು. ಒಂದು ಏಣಿಯೇ ಹೀಗೆ ಜಾಗ ಬದಲಿಸಿದ ಮೇಲೆ ಉಳಿದದ್ದನ್ನು ಎಷ್ಟು ನಂಬುವುದೋ ಗೊತ್ತಿಲ್ಲ. ವಾಸನೆಯನ್ನು ಮಾತ್ರ ನಂಬುತ್ತೇನೆ. ಮೊನ್ನೆ ಬೇಲೂರಿನ ನಮ್ಮ ಮನೆಯಲ್ಲಿ ಚಟ್ನಿಪುಡಿಗೆಂದು ತಂದ ಕೊಬ್ಬರಿ ಒಡೆದೆ. ಒಳಗೆ ಹಳದಿ ತಿರುಗಿ ಕಮಟು ಹಿಡಿದಿತ್ತು. ಮೂಗಿಗೆ ಬಡಿದದ್ದು ಆ ಕೊಬ್ಬರಿಯಲ್ಲ, ಅರಸೀಕೆರೆಯ ಒಂದು ಹಿಂಭಾಗದ ಮನೆ.

ಆ ಮನೆ ಇಂಗ್ಲಿಷ್ ಮೇಡಂ ಅವರದು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೈಸ್ಕೂಲಿಗೆ ಗಣಿತ ಹೇಳಲು ಸೇರಿದಾಗ ಅವರೇ ನನ್ನನ್ನು ಮನೆಗೆ ಕರೆದುಕೊಂಡರು. ಶಾಲೆಯಲ್ಲಿ ಮೇಡಂ, ಮನೆಯಲ್ಲಿ ಅಕ್ಕ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮುಂಭಾಗದಲ್ಲಿ ಗಂಡನ ಅಣ್ಣ ಹೆಂಡತಿಯೊಂದಿಗೆ ಇದ್ದರು, ಮೇಡಂ ಅವರನ್ನು ಭಾವ ಎನ್ನುತ್ತಿದ್ದರು. ನಡುವೆ ಒಂದು ಗೋಡೆ.

ಪಾಲು ಮಾಡಿದ ಹಿರಿಯರು ನೆಲವನ್ನು ಮುಂದೆ ಹಿಂದೆ ಎಂದು ಹಂಚಿದ್ದರು. ಅಟ್ಟವನ್ನು ಹಂಚಿರಲಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗುವವರೆಗೆ ಯಾರೂ ಮುಟ್ಟುವುದಿಲ್ಲ. ಹೆಚ್ಚುಕಮ್ಮಿ ಒಂದು ವರ್ಷ ಬೇಕು. ತೋಟ ಅಣ್ಣನ ಪಾಲಿಗೆ ಬಂದಿತ್ತು, ಹಾಗಾಗಿ ಕಾಯಿ ಹಾಕುವ ಅಟ್ಟವೂ ಪೂರ್ತಿ ಅಣ್ಣನಿಗೆ ಎಂದುಬಿಟ್ಟರು. ಅಟ್ಟದ ಅರ್ಧ ತಮ್ಮನ ತಲೆಯ ಮೇಲಿದೆ, ಅದರ ಏಣಿ ತಮ್ಮನ ನಡುಮನೆಯಲ್ಲಿದೆ ಎಂಬುದು ಆವತ್ತು ಯಾರಿಗೂ ದೊಡ್ಡದಾಗಿ ಕಂಡಿರಲಿಕ್ಕಿಲ್ಲ. ಅಣ್ಣತಮ್ಮಂದಿರು ತಾನೆ...

ತಮ್ಮ ಸತ್ತ ಮೇಲೆ ಏಣಿ ಬೇರೆಯೇ ಆಯಿತು. ಭಾವ ಹೊತ್ತಿಲ್ಲ ಗೊತ್ತಿಲ್ಲ, ಬಂದುಬಿಡುತ್ತಿದ್ದರು. ಬಾಗಿಲಿಗೆ ಅಗುಳಿ ಹಾಕುವಂತಿರಲಿಲ್ಲ. ಸ್ನಾನ ಮುಗಿಸಿ ಬಂದರೆ ಏಣಿಯ ಮೇಲೆ ಎರಡು ಕಾಲು ಕಾಣುತ್ತಿದ್ದವು.

ನಾವು ಊಟಕ್ಕೆ ಕೂತಿದ್ದಾಗ ಒಂದು ಸಲ ಬಂದರು. ನಾನು ತಟ್ಟೆ ಹಿಡಿದು ಏಳಲು ಹೋದೆ.

"ಉಣ್ಣಿ ಮೇಡಮ್ಮೋರೆ, ಉಣ್ಣಿ. ನಾನೇನ್ ನಿಮ್ ತಟ್ಟೆ ನೋಡಾಕ್ ಬಂದಿಲ್ಲ, ಕಾಯಿ ನೋಡಾಕ್ ಬಂದಿದೀನಿ."

"ಅದು ಹೋದ ವರ್ಷದ ಕಾಯಿ ಭಾವ," ಎಂದರು ಮೇಡಂ, ತಲೆ ಎತ್ತದೆ.

"ಕಾಯಿಗೇನು ಕ್ಯಾಲೆಂಡರ್ ಗೊತ್ತೇನಮ್ಮ?" ಮೇಲೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಇನ್ನೂ ನೀರೈತೆ."

ಕೊಬ್ಬರಿ ಕಟ್ಟಿದ ಕಾಯಿ ಅಲ್ಲಾಡಿಸಿದರೆ ಚಿಪ್ಪಿನೊಳಗೆ ಲೊಡಲೊಡ ಎನ್ನುತ್ತದೆ. ಅಟ್ಟದಲ್ಲಿ ಇಲಿ ಓಡಿದರೂ ಆ ಲೊಡಲೊಡ ನಮಗೆ ಕೇಳುತ್ತಿತ್ತು. ಆದರೆ ಕಾಯಿ ಆಗಿಲ್ಲ ಎಂದು ಒಡೆಯ ಹೇಳಿದ ಮೇಲೆ ಇಳಿಸು ಎನ್ನುವ ರೂಢಿ ನಮ್ಮಲ್ಲಿಲ್ಲ. ಕೊಬ್ಬರಿಗೆ ಒಳ್ಳೆಯ ಬೆಲೆ ಬಂದು ಹೋಯಿತು. ತೋಟದ ಹೊಸ ಕಾಯಿಯನ್ನು ಭಾವ ಹಸಿಯಾಗಿಯೇ ಮಾರಿದರು. ಅಟ್ಟದ್ದು ಮಾತ್ರ ಕಮಟು ಹಿಡಿಯುತ್ತ ಅಲ್ಲೇ ಇತ್ತು. ಮೇಡಂ ಮಾರಬೇಕೆಂದಿದ್ದ ಹಿಂಭಾಗವನ್ನು ತಾವೂ ಕೊಳ್ಳುವುದಿಲ್ಲ, ಇನ್ನೊಬ್ಬರು ಕೊಳ್ಳಲೂ ಬಿಡುವುದಿಲ್ಲ. ಅವರಿಗೆ ಇದರಿಂದ ಸಿಕ್ಕಿದ್ದೇನು ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ, ಗಣಿತದವಳಲ್ಲವೆ... ಏನೂ ಇಲ್ಲ.

ಈ 'ಏನೂ ಇಲ್ಲ'ಕ್ಕೆ ಮೇಡಂ ಹತ್ತಿರ ಒಂದು ಇಂಗ್ಲಿಷ್ ಪದವಿತ್ತು. ನಮ್ಮ ಎರಡು ತರಗತಿಗಳ ನಡುವೆ ಬರೀ ತಡಿಕೆ ಇತ್ತು, ಅವರ ಪಾಠ ನನಗೂ ಕೇಳುತ್ತಿತ್ತು. 'ಇನ್ ಸ್ಪೈಟ್ ಆಫ್' ಅಂದರೆ 'ಆದರೂ' ಎಂದು ಹೇಳಿಕೊಟ್ಟರು. ಒಬ್ಬ ಹುಡುಗಿ ಎದ್ದು ಕೇಳಿದಳು: "ಮಿಸ್, ಬರೀ ಸ್ಪೈಟ್ ಅಂದ್ರೆ?"

ತಡಿಕೆಯ ಆಚೆ ಪುಸ್ತಕ ಮುಚ್ಚಿದ ಸದ್ದು ಕೇಳಿತು. ಆಮೇಲೆ, "ನಾಳೆ ಹೇಳ್ತೀನಿ, ಕೂತ್ಕೋ."

ಅಂದು ಸಂಜೆ ಅವರು ಕನ್ನಡದಲ್ಲಿ ಅದಕ್ಕೊಂದು ಪದ ಹುಡುಕಿದರು. ಹಗೆ? ಅದು ದೊಡ್ಡದಾಯಿತು, ಹಗೆಗೆ ಒಂದು ಕಾರಣ ಇರುತ್ತೆ ಎಂದರು. ಹೊಟ್ಟೆಕಿಚ್ಚು? ಕಿಚ್ಚುಪಡಲು ನನ್ನಲ್ಲಿ ಏನಿದೆ? ಜಿದ್ದು? ಅದರಲ್ಲಿ ಗೆಲ್ಲಬೇಕು ಅಂತಲಾದರೂ ಇರುತ್ತೆ. "ಇದು ಸಣ್ಣದು ಕಣೇ. ತನಗೆ ಏನೂ ಆಗಬೇಕಿಲ್ಲ, ಇನ್ನೊಬ್ಬರಿಗೆ ಒಂಚೂರು ನೋಯಬೇಕು, ಅಷ್ಟೆ."

ಪದದ ಮೂಲವನ್ನೂ ಹೇಳಿದರು. ಲ್ಯಾಟಿನ್ನಿನಲ್ಲಿ ಮೊದಲು ಅದು ಬರೀ ಮೇಲಿನಿಂದ ಕೆಳಕ್ಕೆ ನೋಡುವುದು. ಆಮೇಲೆ ಕೀಳಾಗಿ ಕಾಣುವುದು. ಫ್ರೆಂಚರ ಬಾಯಿಗೆ ಬಂದು ತಿರಸ್ಕಾರ. ಇಂಗ್ಲಿಷಿಗೆ ಬಂದ ಮೇಲೆ 'ಡಿಸ್ಪೈಟ್'ನ ಮೊದಲ ಅಕ್ಷರ ಉದುರಿ ಪದ ಮೋಟಾಯಿತು, ಅರ್ಥವೂ ಬರಬರುತ್ತ ಕುಗ್ಗಿ ಸಣ್ಣತನವಾಯಿತು. 'ಇನ್ ಸ್ಪೈಟ್ ಆಫ್' ಎನ್ನುವಾಗ ಅದರ ವಿಷ ಪೂರ್ತಿ ಇಳಿದು 'ಆದರೂ' ಎಂಬುದೊಂದೇ ಉಳಿದಿದೆ.

ಇದನ್ನು ಅವರೇ ಹೇಳಿದರೆ, ಅಥವಾ ನಾನು ಆಮೇಲೆ ಎಲ್ಲೋ ಓದಿ ಅವರ ಬಾಯಿಗೆ ಹಾಕಿದೆನೆ? ಮೇಲಿನಿಂದ ಕೆಳಕ್ಕೆ ಎನ್ನುವಾಗ ಅವರು ಅಟ್ಟದ ಕಡೆ ನೋಡಿದರು ಎಂದು ಬರೆಯಲು ಕೈ ಹೋಗುತ್ತದೆ. ನೋಡಲಿಲ್ಲ ಅನ್ನಿಸುತ್ತದೆ. ಸಾರಿಗೆ ಉಪ್ಪು ಹಾಕುತ್ತಿದ್ದರು.

ಅವರಿಗೆ ಅಲ್ಲಿಂದ ಹೋಗಬೇಕಿತ್ತು. ಹಳೇಬೀಡಿನಲ್ಲಿ ತಂಗಿಯ ಮನೆಯ ಪಕ್ಕ ಎರಡು ಕೋಣೆಯ ಒಂದು ಮನೆ ನೋಡಿಟ್ಟಿದ್ದರು. ಅಲ್ಲಿಗೆ ವರ್ಗ ಕೇಳಿದ್ದರು. "ಅಗುಳಿ ಹಾಕಿ ಮಲಗಬೇಕು ಕಣೇ, ಒಂದು ಮಧ್ಯಾಹ್ನ," ಎನ್ನುತ್ತಿದ್ದರು. ಇದನ್ನು ಮಾರದೆ ಅದು ಸಿಗುವಂತಿರಲಿಲ್ಲ. ಪಕ್ಕದ ಗಂಡಸಿ ಊರಿನಿಂದ ಒಬ್ಬರು ಬಂದು ಬಚ್ಚಲು, ಬಾವಿ, ಹಿತ್ತಲು ಎಲ್ಲ ನೋಡಿ ಒಪ್ಪಿದರು. ಆಮೇಲೆ ತಲೆ ಎತ್ತಿದರು.

"ಮನೆ ಚೆನ್ನಾಗೈತೆ. ಮೇಲಿಂದು?"

ಭಾವ ಅಷ್ಟರಲ್ಲೇ ಬಾಗಿಲಲ್ಲಿದ್ದರು. "ಮೇಲಿಂದು ನಂದು. ನೀವ್ ಧಾರಾಳ್ವಾಗಿ ತಗಳ್ಳಿ, ನಂದೇನ್ ಅಡ್ಡಿ ಇಲ್ಲ. ಏಣಿ ಇರ್ತದೆ. ನಾನ್ ಬತ್ತಾ ಇರ್ತೀನಿ."

"ನಮ್ಮನೇಲಿ ಹೆಂಗಸ್ರಿರ್ತಾರೆ ಕಣ್ರೀ..."

"ಇವ್ರೇನ್ ಗಂಡಸ್ರಾ? ನಾನೇನ್ ತಿಂದಾಕ್ಬಿಟ್ಟಿದೀನಾ?"

ಗಂಡಸಿಯವರು ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ. ಮೇಡಂ ಲೋಟ ತೊಳೆದು ಬೋರಲು ಹಾಕಿದರು. ಆಮೇಲೂ ಒಬ್ಬಿಬ್ಬರು ಬಂದಿರಬೇಕು... ನನಗೆ ಈ ಲೋಟವೇ ನೆನಪಿರುವುದು.

ಆಮೇಲೆ ಭಾವನಿಗೆ ಲಕ್ವ ಹೊಡೆಯಿತು. ಒಂದು ಪಕ್ಕ ಪೂರ್ತಿ ಬಿದ್ದುಹೋಯಿತು, ಮಾತು ತೊದಲಾಯಿತು. ಏಣಿ ಸುಮ್ಮನಾಯಿತು. ನಾವು ಅಗುಳಿ ಹಾಕಲು ಶುರುಮಾಡಿದೆವೇ? ಇಲ್ಲ, ಅದೇ ವಿಚಿತ್ರ. ಮೇಡಂ ಹಾಕಲಿಲ್ಲ, ನನಗೂ ಹಾಕಲು ಬಿಡಲಿಲ್ಲ.

ಒಂದು ಭಾನುವಾರ ಭಾವನ ಹೆಂಡತಿ, ಮೇಡಂ ಅವರ ಓರಗಿತ್ತಿ, ಹಿತ್ತಲಿನಿಂದ ಬಂದರು. ಮಂಡಿ ಹಿಡಿದುಕೊಂಡು ಕೂತರು.

"ನೋಡೇ, ಅವ್ರಂತೂ ಇನ್ ಏಣಿ ಹತ್ತಲ್ಲ. ಕಾಯಿ ಇಳಿಸ್ಕಂಡ್ ಹೋಯ್ತೀವಿ. ಏಣಿ ತೆಗಿಸ್ತೀವಿ. ನಿನ್ ತಲೆ ಮೇಲಿನ ಅಟ್ಟ ನಿಂಗೇ ಬರ್ಕೊಡ್ತಾರಂತೆ, ಒಪ್ಕಂಡವ್ರೆ."

ಹಳೇಬೀಡಿನ ಆ ಎರಡು ಕೋಣೆ ನನ್ನ ಕಣ್ಣಿಗೇ ಬಂದಿತ್ತು.

"ಒಂದೇ ಒಂದು. ಕಾಯಿ ಆಗೈತಾ ಅಂತ ನೀನ್ ನೋಡಿ ಹೇಳ್ಬೇಕಂತೆ. ಅವ್ಳು ಆಗೈತೆ ಅಂದ್ರೆ ಇಳಿಸಿ, ಇಲ್ದಿದ್ರೆ ಮುಟ್ಬೇಡಿ ಅಂದವ್ರೆ. ಅದ್ಯಾಕಂಗಂದ್ರೋ, ಕಾಯ್ಲೆ ಬಿದ್ದೋರ್ ಬುದ್ಧಿ... ಹತ್ತಿ ನೋಡ್ಬುಡು ತಾಯಿ, ಮುಗ್ದೋಗ್ಲಿ."

ಮೇಡಂ ಸೀರೆ ಎತ್ತಿ ಸಿಕ್ಕಿಸಿಕೊಂಡರು. ಅವರು ಆ ಏಣಿ ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಕೆಳಗೆ ಏಣಿ ಹಿಡಿದುಕೊಂಡೆ. ಮೇಲೆ ಹೋಗಿ ತುಂಬ ಹೊತ್ತು ನಿಂತರು. ಅಲ್ಲಿಂದ ನಮ್ಮಿಬ್ಬರನ್ನು, ಒಲೆಯನ್ನು, ಹಾಸಿಗೆಯನ್ನು, ಊಟಕ್ಕೆ ಕೂರುವ ಜಾಗವನ್ನು ನೋಡಿದರು. ಅಲ್ಲಿಂದ ಎಲ್ಲವೂ ಕಾಣುತ್ತದೆ ಎಂದು ಆಗಲೇ ಗೊತ್ತಾಯಿತೋ ಏನೋ. ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಇಲ್ಲಕ್ಕಾ," ಎಂದರು. "ಇನ್ನೂ ನೀರೈತೆ."

"ಎಂಥ ನೀರೇ! ಎಷ್ಟ್ ಮಳೆಗಾಲ ಕಂಡಿರೋ ಕಾಯಿ ಅದು!"

"ನೀವೇ ಹತ್ತಿ ನೋಡಿ."

ಓರಗಿತ್ತಿ ತಮ್ಮ ಮಂಡಿ ನೋಡಿಕೊಂಡರು, ನನ್ನನ್ನು ನೋಡಿದರು. ನಾನು ಏಣಿ ಹಿಡಿದೇ ಇದ್ದೆ. ಅವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಭಾವನ ಸದ್ದು ಕೇಳಿತು. ನಗುವೋ, ಅಳುವೋ, ಬಾಯಿ ಸೊಟ್ಟಗಾದವರ ಸದ್ದಿನಲ್ಲಿ ಅದು ತಿಳಿಯುವುದಿಲ್ಲ. ಮೇಡಂ ಇಳಿದು ಬಂದು ಕೈ ತೊಳೆದುಕೊಂಡು ಅಕ್ಕಿ ಆರಿಸಲು ಕೂತರು. ಯಾಕೆ ಅಕ್ಕ ಎಂದು ನಾನು ಕೇಳಿದೆನೆ? ಕೇಳಿದ್ದರೆ ಉತ್ತರ ನೆನಪಿರುತ್ತಿತ್ತು.

ವರ್ಗದ ಅರ್ಜಿಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ಮುಂದಿನ ವರ್ಷ ನಾನು ಮದುವೆಯಾಗಿ ಬೇಲೂರಿಗೆ ಬಂದೆ. ಭಾವ ಅದೇ ಹಾಸಿಗೆಯಲ್ಲಿ ತೀರಿಕೊಂಡರೆಂದು ತಿಳಿಯಿತು. ಅದಾಗಿ ಬಹಳ ದಿನದ ಮೇಲೆ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕರು. ತಂಗಿಯನ್ನು ನೋಡಲು ಬಂದವರು ಬೇಲೂರಿನ ಗುಡಿಗೂ ಹೋಗಿ ವಾಪಸ್ಸು ಹೊರಟಿದ್ದರು. ತೆಳ್ಳಗಾಗಿದ್ದರು.

"ಅಕ್ಕಾ, ಹಳೇಬೀಡಿಗೇ ಬಂದುಬಿಡಬಾರದಾ ಇನ್ನು?"

"ಬರಬೇಕು ಕಣೇ," ಎಂದರು. "ಕಾಯಿ ಇಳೀಲಿ." ಮುಖದಲ್ಲಿ ತಮಾಷೆ ಇತ್ತೆ ಎಂದು ನೋಡುವಷ್ಟರಲ್ಲಿ ಅರಸೀಕೆರೆ ಬಸ್ಸು ಬಂತು. ಜನ ನುಗ್ಗಿದರು.

ಅವರು ಆ ಹಿಂಭಾಗದಲ್ಲೇ ತೀರಿಹೋದರು. ನನಗೆ ತಿಳಿದಾಗ ಕಾರ್ಯವೆಲ್ಲ ಮುಗಿದಿತ್ತು. ಈಗ ಅಲ್ಲಿ ಮನೆಯೇ ಇಲ್ಲ, ಅಟ್ಟವೂ ಇಲ್ಲ. ಕಾಯಿಗಳನ್ನು ಯಾರು ಇಳಿಸಿದರೋ ಕೇಳಿಕೊಂಡು ಬರಲು ಅಲ್ಲಿ ನನಗೆ ಗುರುತಿನವರಿಲ್ಲ.

ಕಮಟು ಕೊಬ್ಬರಿಯನ್ನು ಬಿಸಾಡಿದೆ. ಬೆರಳಿನ ವಾಸನೆ ಸೋಪಿಗೂ ಹೋಗಲಿಲ್ಲ. ಆವತ್ತು ಏಣಿ ಹಿಡಿದು ನಿಂತಿದ್ದಾಗ ಲೊಡಲೊಡ ಸದ್ದನ್ನು ನಾನು ಸ್ಪಷ್ಟವಾಗಿ ಕೇಳಿದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅವರು ಬೇಕೆಂದೇ ಸುಳ್ಳು ಹೇಳಿದರು ಎಂದುಕೊಂಡರೆ ಎಲ್ಲವೂ ಸರಿಯಾಗಿ ಕೂಡುತ್ತದೆ, ಅದಕ್ಕೇ ಈಗ ಅನುಮಾನ. ಆ ಒಂದು ಕಾಯಿಯಲ್ಲಿ ನಿಜವಾಗಿಯೂ ನೀರಿತ್ತೋ ಏನೋ. ನನಗೆ ಗೊತ್ತಿಲ್ಲ.